ಹಳೆ ಬೀದರಿನ ಮನೆಗಳ ಪರವಾಗಿ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಬೀದರ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರಗಳು.

ಊರ ನಡುವಿನ ಚೌಬಾರಾ ಗೋಪುರದ ಬಳಿ ವಾಹನ ನಿಲ್ಲಿಸಿ, ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಸುತ್ತಲಿನ ಓಣಿಗಳಲ್ಲಿ ತಾವೊಮ್ಮೆ ನಡೆದು ನೋಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಮಾಳಿಗೆ ಮನೆಗಳ ಮೇಲೆ ತಾಡಪತ್ರಿ ಹೊದಿಸಿ, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲು ಹೇರಿದ್ದಾರೆ. ನಮ್ಮ ನೆರೆಮನೆಯಲ್ಲಿ ಗೆದ್ದಲು ತಿಂದ ಜಂತಿಗೆ ಕಬ್ಬಿಣದ ಪೈಪಿನ ಆಸರೆ ಕೊಟ್ಟು, ಅದರ ಕೆಳಗೇ ಮಕ್ಕಳು ಓದಲು ಕೂರುತ್ತಾರೆ. ಯಾಕೆ ದುರಸ್ತಿ ಮಾಡಿಸಿಲ್ಲ ಎಂದು ಕೇಳಿದರೆ, 'ಸ್ಮಾರಕದ ಹತ್ತಿರ ಒಂದು ಕಲ್ಲನ್ನೂ ಮುಟ್ಟುವಂತಿಲ್ಲವಂತೆ' ಎನ್ನುತ್ತಾರೆ.

ಕಾನೂನು ಹಾಗೆ ಹೇಳುವುದಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲೂ 1992ರ ಜೂನ್ 16ಕ್ಕೆ ಮುಂಚೆ ಇದ್ದ ಮನೆಯ ದುರಸ್ತಿಗೆ ಮಾಲೀಕರು ಅನುಮತಿ ಕೇಳಬಹುದು. ಅರ್ಜಿ ಸ್ವೀಕರಿಸುವ ಸಕ್ಷಮ ಪ್ರಾಧಿಕಾರ ಅದನ್ನು 15 ದಿನಗಳಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಅದು 2 ತಿಂಗಳಲ್ಲಿ ಅಭಿಪ್ರಾಯ ತಿಳಿಸಬೇಕು. ಹಕ್ಕು ಇದೆ, ಗಡುವೂ ಇದೆ. ಓಣಿಯವರಿಗೆ ಇದನ್ನು ತಿಳಿಸಿ ಹೇಳುವವರು ಮಾತ್ರ ಇಲ್ಲ.

ತಿಳಿದವರಿಗೂ ದಾರಿ ಸುಲಭವಿಲ್ಲ. ಅಜ್ಜನ ಹೆಸರಿನಲ್ಲಿರುವ, ನಿಜಾಮರ ಕಾಲದ ಉರ್ದು ಕಾಗದವೇ ಕೆಲವರ ಬಳಿಯಿರುವ ಏಕೈಕ ದಾಖಲೆ. ಮೂರು ತಲೆಮಾರಿನಿಂದ ವಾಟ್ನಿ (ಆಸ್ತಿ ಪಾಲು) ಆಗಿಲ್ಲ. ಮನೆ ಹಳೆಯದೆಂದು ಗೋಡೆಯ ಗಚ್ಚೇ ಹೇಳುತ್ತಿದ್ದರೂ ಕಾಗದದ ಮೇಲೆ ಅದನ್ನು ತೋರಿಸಲು ಆಗುತ್ತಿಲ್ಲ. ಕಚೇರಿಗಳಿಗೆ ಅಲೆದು ಸೋತವರು ಕೊನೆಗೆ ರಾತ್ರೋರಾತ್ರಿ ತಗಡು ಹೊದಿಸುತ್ತಾರೆ. ಇದರಿಂದ ಮನೆಯೂ ಕೆಡುತ್ತದೆ, ಓಣಿಯ ಚೆಲುವೂ ಕೆಡುತ್ತದೆ.

ಮದರಸಾದಲ್ಲಿ ಉಳಿದಿರುವುದು ಒಂದೇ ಮಿನಾರು. ಅದಕ್ಕೆ ಅಡ್ಡವಾಗಿ ಅಂತಸ್ತಿನ ಮೇಲೆ ಅಂತಸ್ತು ಏರಿಸುವವರ ಪರ ನಾನು ವಾದಿಸುತ್ತಿಲ್ಲ, ಅವರನ್ನು ತಡೆಯಲೇಬೇಕು. ಆದರೆ ಜಂತಿ ಬದಲಿಸುವವರನ್ನೂ ಅವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಬಹಮನಿ ಸುಲ್ತಾನ ಅಹಮದ್ ಶಾ ವಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ ಕೋಟೆಗೆ ಹೊಂದಿಕೊಂಡು ಪೇಟೆಯೂ ಬೆಳೆಯಿತು. 1472ರಲ್ಲಿ ಗವಾನರ ಮದರಸಾ ಎದ್ದದ್ದು ಕೋಟೆಯೊಳಗಲ್ಲ, ಈ ಪೇಟೆಯಲ್ಲಿ. 1619ರಲ್ಲಿ ಬಿಜಾಪುರದವರು, 1657ರಲ್ಲಿ ಔರಂಗಜೇಬ, ಆಮೇಲೆ ನಿಜಾಮರು ಬಂದರು. ದರ್ಬಾರು ಹೋದರೂ ಊರು ಬಿಡದವರು ಇಲ್ಲಿನ ನಿವಾಸಿಗಳು. ಬಿದರಿ ಕೆಲಸದವರು ಇಂದಿಗೂ ಕೋಟೆಯ ಮಣ್ಣಿನಿಂದಲೇ ಪಾತ್ರೆಗೆ ಕಪ್ಪು ಬಣ್ಣ ಕೊಡುತ್ತಾರೆ. 2014ರಲ್ಲಿ ವಿಶ್ವ ಸ್ಮಾರಕ ನಿಧಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ, ಕಾಳಜಿ ಬೇಕಾದ ತಾಣಗಳ ಪಟ್ಟಿಗೆ ಸೇರಿದ್ದು ಒಂದು ಗುಮ್ಮಟವಲ್ಲ, 'ಐತಿಹಾಸಿಕ ನಗರ ಬೀದರ'.

ಆದ್ದರಿಂದ ತಮ್ಮಲ್ಲಿ ಕೇಳುವುದಿಷ್ಟೆ. ಯಾವ ಮನೆ ಯಾವ ಗಡಿಯೊಳಗೆ ಬರುತ್ತದೆಂಬ ನಕ್ಷೆಯನ್ನು ಕನ್ನಡ, ಉರ್ದು ಎರಡರಲ್ಲೂ ಚೌಬಾರಾದ ಬಳಿ ಹಾಕಿಸಿ. ಭೂದಾಖಲೆ, ನಗರಾಡಳಿತ ಮತ್ತು ಪುರಾತತ್ವ ಸಿಬ್ಬಂದಿಯನ್ನು ಒಂದೇ ಕಡೆ ಕೂರಿಸಿ ಓಣಿಯಲ್ಲೇ ಶಿಬಿರ ನಡೆಸಿ, ಹಳೆಯ ಉರ್ದು ಕಾಗದ ಓದಬಲ್ಲವರೊಬ್ಬರು ಅಲ್ಲಿರಲಿ. ಅರ್ಜಿ ಕೊಟ್ಟವರಿಗೆ ಸ್ವೀಕೃತಿ ಚೀಟಿ ಸಿಗಲಿ. ಸ್ಮಾರಕದ ಸುತ್ತ ಹೇಗೆ ಕಟ್ಟಬೇಕೆಂದು ತಿಳಿಸುವ, ಕಾಯ್ದೆ ಹೇಳುವ ಪಾರಂಪರಿಕ ಉಪವಿಧಿಗಳ ಚರ್ಚೆ ನಡೆಯುವಾಗ ನಿವಾಸಿಗಳನ್ನೂ ಕರೆದು ಕೂರಿಸಿ.

ಶಿಬಿರದ ದಿನಾಂಕವನ್ನು ತಾವು ಪ್ರಕಟಿಸಿದರೆ, ಮನೆಮನೆಗೆ ತಿಳಿಸಿ ಕಾಗದಪತ್ರ ಜೋಡಿಸಿಕೊಡುವ ಕೆಲಸ ನಮ್ಮದು.

ಇಂತಿ,
ಹಳೆ ಬೀದರಿನ ಒಬ್ಬ ನಿವಾಸಿ