ರಾತ್ರಿ ನಿಲ್ಲುವ ಉಸಿರು: ರಘುವಿಗೆ ದೊಡ್ಡಮ್ಮನ ಪತ್ರ

ಚಿ. ರಘುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕೆಲಸ, ಮನೆ, ಮಗಳ ಶಾಲೆ ಎಲ್ಲ ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದೀಯ: ನಿದ್ದೆಯಲ್ಲಿ ನಿನ್ನ ಉಸಿರು ನಿಂತುಹೋಗುತ್ತದಂತೆ, ಸುಮಾ ಹೆದರಿ ಅಲ್ಲಾಡಿಸಿ ಎಬ್ಬಿಸುತ್ತಾಳಂತೆ. ಅದನ್ನು ಓದಿದ ಮೇಲೆ ಬೇರೇನೂ ನನ್ನ ತಲೆಗೆ ಹತ್ತಲಿಲ್ಲ. ಮಾತ್ರೆ ನುಂಗಿದರೂ ಬಿಪಿ ಇಳಿಯುತ್ತಿಲ್ಲ ಎಂದು ಹೋದ ಸಲ ಫೋನಿನಲ್ಲಿ ಹೇಳಿದ್ದೆಯಲ್ಲ, ಅದೂ ಇದೂ ಬೇರೆ ಬೇರೆ ಇರಲಾರದು ಮಗು.

ಇದು ಸ್ಲೀಪ್ ಆಪ್ನಿಯಾ ಇರಬೇಕು: ನಿದ್ದೆಯಲ್ಲಿ ಗಂಟಲು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. 10 ಸೆಕೆಂಡ್ ನಿಂತರೂ ಡಾಕ್ಟರು ಲೆಕ್ಕಕ್ಕೆ ಹಿಡಿಯುತ್ತಾರೆ. ಗಂಟೆಗೆ 30 ಸಲ ಮುಟ್ಟಿದರೆ ತೀವ್ರ ಅನ್ನುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಲೇ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಹಾರ್ಮೋನುಗಳು ಏರಿ, ರಕ್ತನಾಳ ಬಿಗಿದು, ಬಿಪಿ ಜಿಗಿಯುತ್ತದೆ. ನಿನಗೆ ಎಚ್ಚರವಾಗದಿದ್ದರೂ ಮೈ ಮಾತ್ರ ಪ್ರತಿಸಲ ಕಳ್ಳ ನುಗ್ಗಿದ ಮನೆಯಂತೆ ಬೆಚ್ಚಿಬೀಳುತ್ತದೆ. ರಾತ್ರಿ ಶೇ. 10ರಿಂದ 20ರಷ್ಟು ತಗ್ಗಬೇಕಾದ ಬಿಪಿ ತಗ್ಗುವುದಿಲ್ಲ. ಬರಬರುತ್ತಾ ಹಗಲಲ್ಲೂ ಏರಿಯೇ ಇರುತ್ತದೆ. ಸುಮಾಗೆ ಗಾಢ ನಿದ್ದೆ ಬಂದ ರಾತ್ರಿ ಏನು ಗತಿ ಎಂದೇ ನನ್ನ ಯೋಚನೆ.

ನಾನು ವಾರ್ಡಿನಲ್ಲಿ ರಾತ್ರಿಪಾಳಿ ಮಾಡುತ್ತಿದ್ದಾಗ ಗೊರಕೆ ಹೊಡೆಯುವವರೆಂದರೆ ಚೆನ್ನಾಗಿ ಮಲಗಿದ್ದಾರೆ ಎಂದೇ ಎಲ್ಲರ ಎಣಿಕೆ. ನಿಮ್ಮ ದೊಡ್ಡಪ್ಪನದೂ ಹೀಗೇ: ಜೋರು ಗೊರಕೆ, ಆಮೇಲೆ ಸದ್ದೇ ಇಲ್ಲ, ಆಮೇಲೆ ಏದುಸಿರು. ಆ ಸದ್ದಿಲ್ಲದ ಹೊತ್ತಿನಲ್ಲಿ ಅವರ ಎದೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದೆ. ಬೆಳಿಗ್ಗೆ ಎದ್ದರೆ ತಲೆನೋವು, ಪೇಪರ್ ಹಿಡಿದಲ್ಲೇ ತೂಕಡಿಕೆ. ಅವರ ಬಿಪಿ ನೋಡಿದವರು ಯಾರೂ ರಾತ್ರಿ ಹೇಗೆ ಮಲಗುತ್ತೀರಿ ಎಂದು ಕೇಳಲಿಲ್ಲ. ಮುಂದಿನದು ನಿನಗೆ ಗೊತ್ತೇ ಇದೆ. ಗಾಳಿಯ ಒತ್ತಡದಿಂದ ಗಂಟಲು ತೆರೆದಿಡುವ ಸೀಪ್ಯಾಪ್ ವಿಧಾನವನ್ನು ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲೇ ಪ್ರಕಟಿಸಿದ್ದರು. ನಮ್ಮ ಊರಲ್ಲಿ ಅದರ ಹೆಸರು ಕೇಳಿಬರುವ ಹೊತ್ತಿಗೆ ನಿಮ್ಮ ದೊಡ್ಡಪ್ಪನೇ ಇರಲಿಲ್ಲ. ಆ ಸಂಕಟ ಇನ್ನೂ ಆರಿಲ್ಲ.

ದೂರದಲ್ಲಿ ಕೂತು ಹೇಳುತ್ತಿದ್ದೇನೆ, ಬೇಸರಿಸಬೇಡ. ಡಾಕ್ಟರ ಹತ್ತಿರ ಸುಮಾಳನ್ನೂ ಕರೆದುಕೊಂಡು ಹೋಗು. ಉಸಿರು ನಿಲ್ಲುವುದನ್ನು ಕಂಡವಳು ಅವಳು, ನೀನಲ್ಲ. ನಿದ್ದೆಯ ಪರೀಕ್ಷೆ ಮಾಡಿಸಬೇಕೇ ಎಂದು ನೀನೇ ಬಾಯಿಬಿಟ್ಟು ಕೇಳು. ಅಲ್ಲಿಯವರೆಗೆ ಅಂಗಾತ ಬೇಡ, ಮಗ್ಗುಲಾಗಿ ಮಲಗು. ತೂಕದ ಮಾತು ಎತ್ತಲು ಮನಸ್ಸಿಲ್ಲ, ಆದರೂ ಸ್ವಲ್ಪ ಇಳಿದರೆ ಒಳ್ಳೆಯದು. ಸೀಪ್ಯಾಪ್ ಯಂತ್ರ ಕೊಟ್ಟರೂ ಬಿಪಿ ಕೊಂಚವೇ ಇಳಿಯಬಹುದು. ಅದನ್ನು ನಂಬಿ ಮಾತ್ರೆ ನಿಲ್ಲಿಸಿಬಿಡಬೇಡ.

ಹಗಲು ತೂಕಡಿಕೆ ಬರುತ್ತದೆಯೇ ಎಂದು ನೀನು ಬರೆದಿಲ್ಲ. ಬರುತ್ತಿದ್ದರೆ ಪರೀಕ್ಷೆ ಮುಗಿಯುವವರೆಗೆ ಕಾರನ್ನು ಸುಮಾಳೇ ಓಡಿಸಲಿ. ದಿನ ಗೊತ್ತಾದ ಕೂಡಲೇ ಫೋನ್ ಮಾಡು.

ನಿನ್ನ ದೊಡ್ಡಮ್ಮ