ಆಪ್ಷನ್ ಎಂಟ್ರಿಗೆ ಮುಂಚೆ ಪ್ರತಿ ಕಾಲೇಜಿನ ಪೂರ್ತಿ ಲೆಕ್ಕ ಕೊಡಿ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರೇ,

ನಮಸ್ಕಾರ. ನಾನು ಬೆಂಗಳೂರಿನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ ಫಲಿತಾಂಶ ಬಂದ ಮಾರನೇ ದಿನದಿಂದಲೇ ನಮ್ಮ ಸ್ಟಾಫ್ ರೂಮಿಗೆ ಅಪ್ಪ ಅಮ್ಮಂದಿರು ಬರೋಕೆ ಶುರು ಮಾಡುತ್ತಾರೆ. ಹಳೇ ವಿದ್ಯಾರ್ಥಿಗಳು ತಮ್ಮನನ್ನೋ ತಂಗಿಯನ್ನೋ ಕರೆದುಕೊಂಡು ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ: "ಮೇಡಂ, ಇಷ್ಟು ಬಂದಿದೆ. ಎಲ್ಲಿ ಸಿಗುತ್ತೆ? ಯಾವುದನ್ನ ಮೊದಲು ಹಾಕೋಣ?" ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ವೆಬ್‌ಸೈಟಿನಲ್ಲಿ ತುಂಬುವುದಕ್ಕೇ ಆಪ್ಷನ್ ಎಂಟ್ರಿ ಅನ್ನುವುದು.

ಯಾವ ಕಾಲೇಜು ಅಂತ ನೀವು ಹೇಳಬೇಕು ಅನ್ನುವುದಿಲ್ಲ. ಅದು ಮನೆಯವರು ಕೂತು ಮಾತಾಡಿ ತೀರ್ಮಾನ ಮಾಡುವ ವಿಷಯ. ಆದರೆ ಆ ತೀರ್ಮಾನಕ್ಕೆ ಬೇಕಾದ ಮಾಹಿತಿಯೆಲ್ಲ ಸರ್ಕಾರದ ಕಡತಗಳಲ್ಲಿದೆ. ಮನೆಯವರ ಕೈಯಲ್ಲಿ ಇಲ್ಲ. ಈ ನಡುವಿನ ಜಾಗದಲ್ಲಿ ಏಜೆಂಟರು ಕೂತಿದ್ದಾರೆ. ಅದಕ್ಕೇ ಈ ಪತ್ರ.

ಮೊದಲು ಅಂಕದ ವಿಷಯ ಹೇಳುತ್ತೇನೆ. 2024ರಲ್ಲಿ ಫಲಿತಾಂಶ ಮೊದಲ ಸಲ ಬಂದಾಗ 67 ಮಕ್ಕಳಿಗೆ 720ಕ್ಕೆ 720 ಇತ್ತು. 2025ರಲ್ಲಿ ದೇಶಕ್ಕೇ ಮೊದಲು ಬಂದ ಹುಡುಗನಿಗೆ 686. ಪೇಪರ್ ಅಷ್ಟು ಕಷ್ಟ ಇತ್ತು. 2024ರಲ್ಲಿ 550 ತೆಗೆದವರ ರ‍್ಯಾಂಕ್ ಒಂದು ಲಕ್ಷ ದಾಟಿತ್ತು. ಮರುವರ್ಷ ಅದೇ 550ಕ್ಕೆ ರ‍್ಯಾಂಕ್ 12,000ದ ಆಸುಪಾಸು. ಅಂದರೆ ಅಂಕ ಹೋಲಿಸಿ ನೋಡುವುದರಲ್ಲಿ ಅರ್ಥವೇ ಇಲ್ಲ, ರ‍್ಯಾಂಕನ್ನೇ ನೋಡಬೇಕು. ಆದರೆ ನಮ್ಮ ಜನ ಅಂಕವನ್ನೇ ಮಾತಾಡುವುದು. 2025ರಲ್ಲಿ ಒಬ್ಬ ತಾಯಿ ಬಂದು, "ನಮ್ಮ ಅಣ್ಣನ ಮಗನಿಗೆ ಹೋದ ವರ್ಷ 560 ಬಂದ್ರೂ ಸರ್ಕಾರಿ ಸೀಟ್ ಸಿಗ್ಲಿಲ್ಲ, ಇವಳದ್ದು ಬರೀ 500. ಸುಮ್ನೆ ಯಾಕೆ, ಬಿಎಸ್ಸಿ ನರ್ಸಿಂಗಿಗೆ ಸೇರಿಸ್ತೀವಿ" ಅಂದರು. ಹುಡುಗಿ 2ಎ ವರ್ಗದವಳು. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅವಳಿಗೆ ಕೊನೆಗೆ ಎಂಬಿಬಿಎಸ್ ಸರ್ಕಾರಿ ಸೀಟೇ ಸಿಕ್ಕಿತು. ಆ ತಾಯಿ ಅವತ್ತು ನಮ್ಮಲ್ಲಿಗೆ ಬರದೇ ಹೋಗಿದ್ದರೆ ಅರ್ಜಿಯನ್ನೇ ಮುಂದುವರಿಸುತ್ತಿರಲಿಲ್ಲ. ಹೀಗೆ ಕೇಳದೆಯೇ ಕೈಬಿಟ್ಟ ಮನೆಗಳು ಎಷ್ಟಿರಬಹುದು, ಯೋಚನೆ ಮಾಡಿ.

ಇದರ ಉಲ್ಟಾ ಇನ್ನೊಂದು ನಡೆಯುತ್ತದೆ. ಫಲಿತಾಂಶದ ಹಾಳೆಯಲ್ಲಿ 'ಕ್ವಾಲಿಫೈಡ್' ಅಂತ ನೋಡಿ ಸೀಟು ಸಿಕ್ಕಿತು ಅಂದುಕೊಳ್ಳುವವರಿದ್ದಾರೆ. 2025ರಲ್ಲಿ ಸಾಮಾನ್ಯ ವರ್ಗಕ್ಕೆ 144 ಬಂದರೂ ಅರ್ಹತೆ ಸಿಗುತ್ತಿತ್ತು. ಹಾಗೆ ಅರ್ಹರಾದವರು 12.36 ಲಕ್ಷ. ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟು ಸುಮಾರು 1.2 ಲಕ್ಷ. ಉಳಿದ ಹತ್ತು ಹನ್ನೊಂದು ಲಕ್ಷ ಮನೆಗಳೇ ಏಜೆಂಟರ ಮಾರ್ಕೆಟ್ಟು. ಫಲಿತಾಂಶ ಬಂದ ಸಂಜೆಯೇ ಮಕ್ಕಳ ಮೊಬೈಲಿಗೆ ಕರೆ ಬರುತ್ತದೆ. ಹೆಸರು ಹಿಡಿದು ಮಾತಾಡುತ್ತಾರೆ, ಅಂಕವನ್ನೂ ಹೇಳುತ್ತಾರೆ. ಈ ಮಾಹಿತಿ ಅವರಿಗೆ ಎಲ್ಲಿಂದ ಸಿಗುತ್ತಿದೆ ಅಂತ ದಯವಿಟ್ಟು ತನಿಖೆ ಮಾಡಿಸಿ.

ಯಾವ ಕಾಲೇಜಿನ ಕೊನೇ ಸೀಟು ಯಾವ ರ‍್ಯಾಂಕಿಗೆ ಹೋಯಿತು ಅನ್ನುವ ಕಟ್ ಆಫ್ ಪಟ್ಟಿ, ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಲ್ಲಿ ಇದೆಯಲ್ಲ ಅಂತ ಅಧಿಕಾರಿಗಳು ಹೇಳುತ್ತಾರೆ. ಇದೆ, ನಿಜ. ಅದನ್ನು ಒಂದು ಸಲ ನಿಮ್ಮ ಮೊಬೈಲಿನಲ್ಲಿ ತೆಗೆದು ನೋಡಿ ಸರ್. ಅಡ್ಡಕ್ಕೆ 1ಜಿ, 1ಕೆ, 1ಆರ್, 2ಎಜಿ, 2ಎಕೆ, 2ಎಆರ್ ಅಂತ ಶುರುವಾಗಿ ಜಿಎಂ, ಜಿಎಂಕೆ, ಜಿಎಂಆರ್ ದಾಟಿ ಎಸ್‌ಸಿ, ಎಸ್‌ಟಿವರೆಗೆ ಕಾಲಂಗಳು (ಜಿಎಂ ಅಂದರೆ ಸಾಮಾನ್ಯ ವರ್ಗ, ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ). ಒಂದೊಂದು ರೌಂಡಿಗೆ ಒಂದೊಂದು ಪಿಡಿಎಫ್. ಸಂವಿಧಾನದ 371ಜೆ ವ್ಯಾಪ್ತಿಯ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಬೇರೆಯದೇ ಪಟ್ಟಿ. ಬಿಎಂಟಿಸಿ ಕಂಡಕ್ಟರ್ ಒಬ್ಬರು ನನ್ನ ಟೇಬಲ್ ಪಕ್ಕ ನಿಂತು ಅದನ್ನು ನೋಡುತ್ತಿದ್ದರು. ಅಕ್ಷರ ಸಣ್ಣದು ಅಂತ ಎರಡು ಬೆರಳಲ್ಲಿ ಹಿಗ್ಗಿಸಿದರು. ಹಿಗ್ಗಿಸಿದ ಕೂಡಲೇ ಮೇಲಿನ ಕಾಲಂ ಹೆಸರು ಸ್ಕ್ರೀನಿಂದ ಆಚೆ ಹೋಯಿತು. ಸಂಖ್ಯೆ ಕಾಣುತ್ತೆ, ಯಾವ ವರ್ಗದ್ದು ಅಂತ ಗೊತ್ತಾಗಲ್ಲ. ಮತ್ತೆ ಚಿಕ್ಕದು ಮಾಡಿದರು, ಮತ್ತೆ ಹಿಗ್ಗಿಸಿದರು. ಆಮೇಲೆ ಕಾಲಂಗಳನ್ನು ಬೆರಳಲ್ಲಿ ಎಣಿಸುತ್ತಾ ಹೋದರು. ದಿನಕ್ಕೆ ಸಾವಿರ ಟಿಕೆಟ್ ಹರಿದು ಚಿಲ್ಲರೆ ಲೆಕ್ಕ ತಪ್ಪದೆ ಕೊಡುವ ಮನುಷ್ಯ ಅವರು. ಕೊರತೆ ಇರುವುದು ಅವರಲ್ಲಿ ಅಲ್ಲ, ಆ ಪಟ್ಟಿಯಲ್ಲಿ. ಮಗುವಿನ ರ‍್ಯಾಂಕು, ವರ್ಗ, ಗ್ರಾಮೀಣವೋ ಕನ್ನಡ ಮಾಧ್ಯಮವೋ ಅಂತ ಹಾಕಿದರೆ ಹಿಂದಿನ ಮೂರು ವರ್ಷ ಆ ರ‍್ಯಾಂಕಿಗೆ ಎಲ್ಲೆಲ್ಲಿ ಸಿಕ್ಕಿತ್ತು ಅಂತ ತೋರಿಸುವ ಒಂದು ಪುಟ ಮಾಡುವುದು ಈ ಬೆಂಗಳೂರಲ್ಲಿ ಕಷ್ಟವಾ?

ಇನ್ನು ಆಪ್ಷನ್ ಎಂಟ್ರಿ. ಅತಿ ಹೆಚ್ಚು ಎಡವುವುದು ಇಲ್ಲಿಯೇ. ಒಂದೇ ಖಾಸಗಿ ಕಾಲೇಜು ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ನೂರರಲ್ಲಿ 40 ಸೀಟು ಸರ್ಕಾರಿ ಕೋಟಾ, 40 ಖಾಸಗಿ ಕೋಟಾ, 15 ಎನ್‌ಆರ್‌ಐ, 5 ಇತರೆ. ಕ್ಲಾಸ್ ರೂಮು ಒಂದೇ, ಮೇಷ್ಟ್ರು ಒಬ್ಬರೇ, ಡಿಗ್ರಿನೂ ಒಂದೇ. ಶುಲ್ಕ ಮಾತ್ರ ಬೇರೆ. ಸರ್ಕಾರಿ ಕೋಟಾಗೆ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು, ಖಾಸಗಿ ಕೋಟಾಗೆ ಹತ್ತು ಲಕ್ಷದ ಮೇಲೆ. ಸರ್ಕಾರಿ ಕಾಲೇಜಾದರೆ ಒಂದು ಲಕ್ಷದೊಳಗೆ ಮುಗಿಯುತ್ತದೆ. ಕಂಪ್ಯೂಟರಿಗೆ ನಮ್ಮ ಮನೆ ಪರಿಸ್ಥಿತಿ ಗೊತ್ತಿಲ್ಲ. ಪಟ್ಟಿಯಲ್ಲಿ ಮೇಲಿಂದ ನೋಡುತ್ತಾ ಬಂದು, ರ‍್ಯಾಂಕಿಗೆ ಯಾವುದು ಮೊದಲು ಸಿಗುತ್ತೋ ಅದನ್ನು ಕೊಡುತ್ತೆ. ಅದರ ಕೆಳಗಿರುವುದೆಲ್ಲ ಆ ರೌಂಡಿಗೆ ಹೋದ ಹಾಗೆ.

ಆ ಕಂಡಕ್ಟರ್ ಮಗಳದ್ದು ಇದೇ ಕಥೆ. ಮಗಳು ಮನೆಯಿಂದಲೇ ಓಡಾಡಲಿ ಅಂತ ಬೆಂಗಳೂರಿನ ಕಾಲೇಜುಗಳನ್ನೆಲ್ಲ ಮೇಲೆ ಹಾಕಿದ್ದರು, ಖಾಸಗಿ ಕೋಟಾನೂ ಸೇರಿಸಿ. ಚಾಮರಾಜನಗರ, ಕೊಡಗು, ಕಾರವಾರದ ಸರ್ಕಾರಿ ಕಾಲೇಜುಗಳು ಅದರ ಕೆಳಗೆ. ನಿಜವಾದ ಹಂಚಿಕೆಗೆ ಮುಂಚೆ ನಡೆಯುವ ಮಾಕ್ ಅಲಾಟ್‌ಮೆಂಟಲ್ಲಿ ಬೆಂಗಳೂರು ಬಂತು. ಮನೆಯಲ್ಲಿ ಎಲ್ಲರಿಗೂ ಸ್ವೀಟ್ ಹಂಚಿ ಆಗಿತ್ತು. ಶುಲ್ಕದ ಕಾಲಂ ನೋಡಿದ್ದು ಆಮೇಲೆ. ಮಾಕ್ ಆಗಿದ್ದರಿಂದ ಆಪ್ಷನ್ ಬದಲಾಯಿಸಲು ಅವಕಾಶ ಇತ್ತು. ಅವತ್ತೇ ಕೂತು ಎಲ್ಲ ಹಿಂದುಮುಂದು ಮಾಡಿದೆವು. ಅವಳು ಈಗ ಕಾರವಾರದಲ್ಲಿ ಓದುತ್ತಿದ್ದಾಳೆ. ಮಾಕ್ ಫಲಿತಾಂಶ ನೋಡದೇ ಬಿಡುವವರು, 'ಅದು ಸುಮ್ನೆ ಟ್ರಯಲ್ ಅಲ್ವಾ' ಅನ್ನುವವರು ತುಂಬಾ ಜನ. ಖಾಸಗಿ ಕೋಟಾ ಸೀಟನ್ನು ಸರ್ಕಾರಿ ಸೀಟಿಗಿಂತ ಮೇಲೆ ಹಾಕಿದ ಕೂಡಲೇ ಸ್ಕ್ರೀನಿನ ಮೇಲೆ ಕನ್ನಡದಲ್ಲಿ ಒಂದು ಎಚ್ಚರಿಕೆ ಬರಲಿ: 'ಇದರ ಶುಲ್ಕ ವರ್ಷಕ್ಕೆ ಇಷ್ಟು, ಕೆಳಗಿನದರ ಶುಲ್ಕ ಇಷ್ಟು, ಇದೇ ಮೊದಲು ಬೇಕಾ?' ಅಂತ. ಇಷ್ಟೇ ಸಾಕು.

ದಾಖಲೆಗಳ ಬಗ್ಗೆ ಹೇಳಹೊರಟರೆ ಇನ್ನೊಂದು ಪತ್ರವೇ ಬೇಕು. ಕನ್ನಡ ಮಾಧ್ಯಮದ 5%, ಗ್ರಾಮೀಣದ 15% ಮೀಸಲಾತಿ ಇದ್ದೂ, ಅರ್ಜಿ ಹಾಕುವಾಗಲೇ ಕ್ಲೇಮ್ ಮಾಡಬೇಕು ಅಂತ ಗೊತ್ತಿಲ್ಲದೆ ಕಳೆದುಕೊಳ್ಳುವ ಮಕ್ಕಳಿದ್ದಾರೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಇಲ್ಲದ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರದ ಹಳೇ ಆರ್‌ಡಿ ನಂಬರು, ಹೆಸರಿನ ಇನಿಷಿಯಲ್ ಹಿಂದೆ ಮುಂದೆ. ಡಿಸೆಂಬರಿನಲ್ಲೇ ಪಿಯು ಕಾಲೇಜುಗಳಿಗೆ ಒಂದು ಸುತ್ತೋಲೆ ಬಂದರೆ ನಾವೇ ತರಗತಿಯಲ್ಲಿ ಕೂರಿಸಿ ಸರಿ ಮಾಡಿಸುತ್ತೇವೆ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಇರುವುದು ಕಾಲೇಜು ಹೇಗಿದೆ ಅನ್ನುವುದರ ಬಗ್ಗೆ. ಸೀಟು ಸಿಕ್ಕಿತು ಅನ್ನುವ ಖುಷಿಯಲ್ಲಿ ಅಲ್ಲಿ ಏನು ಕಲಿಯುತ್ತಾರೆ ಅಂತ ಯಾರೂ ಕೇಳುವುದಿಲ್ಲ. ವೈದ್ಯ ವಿದ್ಯೆ ಕಲಿಯುವುದು ರೋಗಿಯ ಹಾಸಿಗೆ ಪಕ್ಕ ನಿಂತು. ಬೆಂಗಳೂರು ಮೆಡಿಕಲ್ ಕಾಲೇಜು 1955ರಿಂದ ಇದೆ. ಅಲ್ಲಿನ ಮಕ್ಕಳು ವಿಕ್ಟೋರಿಯಾ, ವಾಣಿ ವಿಲಾಸ, ಮಿಂಟೋ ಆಸ್ಪತ್ರೆಗಳ ಮಧ್ಯೆಯೇ ಓಡಾಡಿ ಕಲಿಯುತ್ತಾರೆ. ಜಾಗ ಸಾಲದೆ ರೋಗಿಗಳು ಕಾದು ಕೂರುವ ಆ ಓಪಿಡಿಗಳಲ್ಲಿ (ಹೊರರೋಗಿ ವಿಭಾಗಗಳಲ್ಲಿ) ಒಂದು ವಾರದಲ್ಲಿ ನೋಡುವ ಕಾಯಿಲೆಗಳನ್ನು ಕೆಲವು ಕಡೆ ಇಡೀ ವರ್ಷ ನೋಡುವುದಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದ ಪ್ರಕಾರ 100 ಸೀಟಿನ ಕಾಲೇಜಿಗೆ 420 ಹಾಸಿಗೆ, 150 ಸೀಟಿಗೆ 605 ಹಾಸಿಗೆ ಇರಬೇಕು. ಅದರಲ್ಲಿ 80% ತುಂಬಿರಬೇಕು. ಕಾಗದದ ಮೇಲೆ ಎಲ್ಲ ಕಡೆ ತುಂಬಿರುತ್ತದೆ.

ನಮ್ಮ ಹಳೇ ವಿದ್ಯಾರ್ಥಿ ಒಬ್ಬ ಒಂದು ಖಾಸಗಿ ಕಾಲೇಜಿನ ಬಗ್ಗೆ ಹೇಳಿದ್ದು ನನ್ನ ಮನಸ್ಸಿಂದ ಹೋಗಿಲ್ಲ. ಪರಿಶೀಲನೆಗೆ ಬರುವ ದಿನ ಹಾಸಿಗೆಗಳ ಮೇಲೆ ಸುತ್ತಲಿನ ಹಳ್ಳಿಯವರನ್ನು ಕರೆತಂದು ಮಲಗಿಸುತ್ತಿದ್ದರಂತೆ. ಮಧ್ಯಾಹ್ನದ ಊಟ ಆದ ಮೇಲೆ ಬಸ್ಸಲ್ಲಿ ವಾಪಸ್. "ಮೇಡಂ, ಹೃದಯದ ಮರ್ಮರ್ ಪುಸ್ತಕದಲ್ಲಿ ಓದಿದ್ದೆ, ಕಿವಿಯಲ್ಲಿ ಕೇಳಿದ್ದು ಇಂಟರ್ನ್‌ಶಿಪ್ಪಿಗೆ ಬೇರೆ ಕಡೆ ಹೋದಾಗಲೇ" ಅಂದ. ಅವನು ನಾಳೆ ಯಾರದೋ ಮನೆಯ ಮಗುವಿಗೆ ಸ್ಟೆತಸ್ಕೋಪ್ ಇಟ್ಟು ನೋಡಬೇಕು. ಅನುಮತಿ ಸಿಕ್ಕಿದೆ ಅಂದರೆ ಎಲ್ಲ ಸರಿ ಇದೆ ಅಂತ ನಂಬುವ ಕಾಲವೂ ಹೋಯಿತು. 2025ರಲ್ಲಿ ಬೇರೆ ರಾಜ್ಯದ ಕಾಲೇಜೊಂದರ ಪರಿಶೀಲನೆಗೆ ಹೋಗಿದ್ದ ವೈದ್ಯರನ್ನೇ ಲಂಚದ ಪ್ರಕರಣದಲ್ಲಿ ಸಿಬಿಐ ಬಂಧಿಸಿತಲ್ಲ.

ಹಾಗಾಗಿ ನಾನು ಮಕ್ಕಳಿಗೆ ಹೇಳುವುದು, ಆಪ್ಷನ್ ಹಾಕುವ ಮುಂಚೆ ಒಂದು ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಆ ಆಸ್ಪತ್ರೆಯ ಓಪಿಡಿಗೆ ಹೋಗಿ ಅರ್ಧ ಗಂಟೆ ಕೂತು ಬನ್ನಿ ಅಂತ. ಬೆಂಗಳೂರಿನ ಕಾಲೇಜಾದರೆ ಇದು ಆಗುತ್ತದೆ. ಯಾದಗಿರಿ, ಹಾವೇರಿ, ಚಿಕ್ಕಮಗಳೂರು, ಚಿತ್ರದುರ್ಗದ ಹೊಸ ಸರ್ಕಾರಿ ಕಾಲೇಜುಗಳನ್ನು ಹೀಗೆ ಹೋಗಿ ನೋಡಲು ಎಲ್ಲರಿಗೂ ಆಗುತ್ತದಾ? ಅಲ್ಲಿ ಹಾಸ್ಟೆಲ್ ಕಟ್ಟಿ ಮುಗಿದಿದೆಯಾ, ಅನಾಟಮಿಗೆ ಎಷ್ಟು ಜನ ಬೋಧಕರಿದ್ದಾರೆ, ಜಿಲ್ಲಾ ಆಸ್ಪತ್ರೆಯಲ್ಲಿ ದಿನಕ್ಕೆ ಎಷ್ಟು ರೋಗಿಗಳು ಬರುತ್ತಾರೆ, ಇದೆಲ್ಲ ನಿಮ್ಮ ನಿರ್ದೇಶನಾಲಯಕ್ಕೆ ಗೊತ್ತು. ಬೋಧಕರ ಹಾಜರಿ ಆಧಾರ್ ಮೂಲಕ ದಿನವೂ ದಾಖಲಾಗುತ್ತದೆ. ಅದನ್ನು ಮನೆಯವರಿಗೂ ತೋರಿಸಿ. ನಿಜ ಗೊತ್ತಾದರೆ ಜನ ಜಿಲ್ಲೆಯ ಕಾಲೇಜುಗಳಿಗೆ ಧೈರ್ಯವಾಗಿ ಹೋಗುತ್ತಾರೆ. ಎಷ್ಟೋ ಜಿಲ್ಲಾ ಕಾಲೇಜುಗಳಲ್ಲಿ ನಗರದ ಹೊಳೆಯುವ ಕಟ್ಟಡಗಳಿಗಿಂತ ಜಾಸ್ತಿ ರೋಗಿಗಳಿದ್ದಾರೆ ಅಂತ ಅಲ್ಲಿ ಓದಿದ ನಮ್ಮ ಮಕ್ಕಳೇ ಹೇಳುತ್ತಾರೆ.

ದುಡ್ಡಿನ ಮಾತಿಗೂ ಬರುತ್ತೇನೆ. ಖಾಸಗಿ ಕಾಲೇಜುಗಳ ಶುಲ್ಕವನ್ನು ಪ್ರತಿ ವರ್ಷ ಸರ್ಕಾರವೂ ಕಾಲೇಜುಗಳ ಒಕ್ಕೂಟವೂ ಕೂತು ಮಾತಾಡಿ ತೀರ್ಮಾನ ಮಾಡುತ್ತೀರಿ. ಆ ಅಂಕಿ ಎಲ್ಲರಿಗೂ ಗೊತ್ತು. ಸೇರಲು ಹೋದಾಗ ಕೌಂಟರಿನಲ್ಲಿ ಕೊಡುವ ಎರಡನೇ ಚೀಟಿ ಯಾರಿಗೂ ಗೊತ್ತಿರುವುದಿಲ್ಲ. ಹಾಸ್ಟೆಲ್ ಕಡ್ಡಾಯ, ಮೆಸ್ಸು, ಸ್ಕಿಲ್ ಲ್ಯಾಬು, ಯೂನಿಫಾರಂ, ಡಿಪಾಸಿಟ್ಟು. ಕೆಲವು ಕಡೆ ರಸೀದಿ ಕೇಳಿದರೆ ಮುಖ ನೋಡುತ್ತಾರೆ. ಕ್ಯಾಪಿಟೇಶನ್ ನಿಷೇಧ ಕಾಯ್ದೆ ನಮ್ಮ ರಾಜ್ಯದಲ್ಲಿ 1984ರಿಂದ ಇದೆ. ಪಿಜಿ (ಸ್ನಾತಕೋತ್ತರ) ಸೀಟುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ: ಬೋಧನಾ ಶುಲ್ಕ, ಹಾಸ್ಟೆಲ್, ಡಿಪಾಸಿಟ್, ಇತರೆ ಖರ್ಚು ಎಲ್ಲವನ್ನೂ ಖಾಸಗಿ ಮತ್ತು ಡೀಮ್ಡ್ ಸಂಸ್ಥೆಗಳು ಕೌನ್ಸೆಲಿಂಗಿಗೆ ಮುಂಚೆಯೇ ಪ್ರಕಟಿಸಬೇಕು ಅಂತ. ಪಿಜಿ ಓದುವ ಡಾಕ್ಟರಿಗೆ ಸಿಗುವ ಈ ರಕ್ಷಣೆ ಹದಿನೆಂಟು ವರ್ಷದ ಮಗುವಿಗೂ, ಸಾಲ ತೆಗೆಯುವ ಅವರ ಅಪ್ಪನಿಗೂ ಸಿಗಬೇಕಲ್ವಾ? ಕೋರ್ಸು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಆ ಒಂದು ವರ್ಷ ನಿಜವಾಗಿ ಕೈಗೆ ಕೊಡುವ ಸ್ಟೈಪೆಂಡ್ ಎಷ್ಟು ಅನ್ನುವುದೂ ಬರಲಿ. ಕೆಲವು ಕಡೆ ಖಾತೆಗೆ ಹಾಕಿ ವಾಪಸ್ ತೆಗೆಸಿಕೊಳ್ಳುತ್ತಾರೆ ಅನ್ನುವ ದೂರು ಮಕ್ಕಳ ಬಾಯಲ್ಲೇ ಕೇಳಿದ್ದೇನೆ. ಓದು ಮುಗಿಸಿದ ವೈದ್ಯರು ಸರ್ಕಾರಿ ಸೇವೆ ಮಾಡಬೇಕು ಅನ್ನುವ 2012ರ ಕಡ್ಡಾಯ ಸೇವಾ ಕಾಯ್ದೆ ಈಗ ಯಾರಿಗೆ, ಹೇಗೆ ಅನ್ವಯ ಆಗುತ್ತದೆ ಅಂತಲೂ ಎರಡು ಸಾಲು ಬರೆಯಿಸಿ. ಅದರ ಬಗ್ಗೆ ಹೊರಗೆ ಹತ್ತು ಥರ ಮಾತಿದೆ.

ನಾನು ಕೇಳುವುದು ಇಷ್ಟು. ರಾಜ್ಯದ ಪ್ರತಿ ವೈದ್ಯಕೀಯ ಕಾಲೇಜಿಗೆ ಕನ್ನಡದಲ್ಲಿ ಒಂದು ಪುಟ. ಐದೂವರೆ ವರ್ಷಕ್ಕೆ ಒಟ್ಟು ಖರ್ಚು, ಸ್ಟೈಪೆಂಡ್, ಓಪಿಡಿ ಸಂಖ್ಯೆ, ತುಂಬಿದ ಹಾಸಿಗೆ, ಬೋಧಕರ ಖಾಲಿ ಹುದ್ದೆ, ಹಾಸ್ಟೆಲ್ಲಿನ ನಿಜ ಸ್ಥಿತಿ, ಹಿಂದಿನ ಮೂರು ವರ್ಷದ ಕೊನೇ ರ‍್ಯಾಂಕು. ಸುಳ್ಳು ಬರೆದರೆ ದಂಡ ಕಟ್ಟಬೇಕು ಅಂತ ಕಾಲೇಜಿನ ಮುಖ್ಯಸ್ಥರ ಸಹಿ. ಆಪ್ಷನ್ ಎಂಟ್ರಿ ಶುರುವಾಗುವುದಕ್ಕೆ ಹದಿನೈದು ದಿನ ಮುಂಚೆ ಇದು ಜನರ ಕೈಗೆ ಬರಬೇಕು.

ಕೆಇಎ ಉನ್ನತ ಶಿಕ್ಷಣ ಇಲಾಖೆಗೆ ಸೇರಿದ್ದು, ನಮ್ಮದಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಕಾಲೇಜುಗಳ ಲೆಕ್ಕ ನಿಮ್ಮ ಹತ್ತಿರ, ಆಪ್ಷನ್ ಎಂಟ್ರಿಯ ವೆಬ್‌ಸೈಟ್ ಅವರ ಹತ್ತಿರ. ಆನಂದರಾವ್ ವೃತ್ತದಲ್ಲಿರುವ ನಿಮ್ಮ ನಿರ್ದೇಶನಾಲಯದಿಂದ ಮಲ್ಲೇಶ್ವರದ ಕೆಇಎ ಕಚೇರಿಗೆ ಮೂರ್ನಾಲ್ಕು ಕಿಲೋಮೀಟರ್. ಇಬ್ಬರು ಸಚಿವರು ಒಂದು ಸಲ ಜೊತೆಗೆ ಕೂತರೆ ಆಗುವ ಕೆಲಸ ಇದು. ಪುಟ ತಯಾರಾದ ಮೇಲೆ ಪ್ರತಿ ತಾಲ್ಲೂಕಿನಲ್ಲಿ ಒಂದು ಸರ್ಕಾರಿ ಪಿಯು ಕಾಲೇಜನ್ನು ಸಹಾಯ ಕೇಂದ್ರ ಮಾಡಿ. ನಮ್ಮಂಥ ಉಪನ್ಯಾಸಕರಿಗೆ ಎರಡು ದಿನ ತರಬೇತಿ ಕೊಡಿಸಿ. ರಜೆಯಲ್ಲಿ ಬಂದು ಕೂರಲು ನಾನು ತಯಾರಿದ್ದೇನೆ, ನಮ್ಮ ಸಹೋದ್ಯೋಗಿಗಳೂ ಒಪ್ಪಿದ್ದಾರೆ. ಯಾವಾಗ ಶುರು ಮಾಡುತ್ತೀರಿ ಅನ್ನುವುದನ್ನು ತಿಳಿಸಿ.

ಇಂತಿ,
ಜೀವಶಾಸ್ತ್ರ ಉಪನ್ಯಾಸಕಿ
ಬೆಂಗಳೂರು