ಕಚ್ಚಿದ ಶೂ ಅಪ್ಪನ ಪಾಲಾಯಿತು

ಪ್ರೀತಿಯ ಗೆಳೆಯಾ,

ವಾಕಿಂಗ್ ಎಲ್ಲಿಗೆ ಬಂತು ಅಂತ ಕೇಳಿದ್ದೆಯಲ್ಲ, ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ನಿಂತುಹೋಯಿತು. ಆಫರಿನಲ್ಲಿ ತರಿಸಿದ ಎಂಟನೇ ನಂಬರ್ ಶೂ ಹಾಕಿಕೊಂಡು ಸಾವಿರ ಮೆಟ್ಟಿಲು ಹತ್ತಿದೆ. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ನೋಡು ಮಾರಾಯ, ಮೆಟ್ಟಿಲು ಮೆಟ್ಟಿಲಿಗೂ ಕಾಲು ಮುಂದಕ್ಕೆ ಜಾರಿ ಹೆಬ್ಬೆರಳು ಶೂ ಮೂತಿಗೆ ಗುದ್ದುತ್ತಿತ್ತು. ನಂದಿ ಹತ್ತಿರ ಬರುವಷ್ಟರಲ್ಲಿ ಕಣ್ಣಲ್ಲಿ ನೀರು. ಎರಡು ದಿನಕ್ಕೆ ಉಗುರು ಕಪ್ಪಗಾಯಿತು.

ತಪ್ಪು ನನ್ನದೇ. ಬೆಳಿಗ್ಗೆ ಎದ್ದ ಕೂಡಲೇ ಹಾಕಿ ನೋಡಿ, ಸರಿಯಾಗಿದೆ ಅಂದುಕೊಂಡಿದ್ದೆ. ಸಂಜೆ ಹೊತ್ತಿಗೆ ಕಾಲು ಸ್ವಲ್ಪ ಊದಿಕೊಳ್ಳುತ್ತದೆ, ಶೂ ನೋಡಬೇಕಾದ್ದು ಆಗ. ನಂಬರ್ ಒಂದು ಏರಿದರೆ ಉದ್ದ ಜಾಸ್ತಿಯಾಗುವುದು ಇಂಚಿನ ಮೂರನೇ ಒಂದು ಪಾಲು, ಹೆಚ್ಚುಕಮ್ಮಿ ಎಂಟೂವರೆ ಮಿಲಿಮೀಟರ್. ಅಷ್ಟಕ್ಕೆ ನನ್ನ ಉಗುರು ಹೋಯಿತು. ಬೀದಿ ತುಳಿದ ಶೂ ಯಾರೂ ವಾಪಸ್ ತಗೊಳ್ಳಲ್ಲ, ಅಲ್ವಾ?

ಅಪ್ಪ ಹವಾಯಿ ಚಪ್ಪಲಿಯಲ್ಲೇ ಕುಕ್ಕರಹಳ್ಳಿ ಕೆರೆ ಸುತ್ತುವವರು. 'ನಂಗೆ ಕೊಡು, ಸುಮ್ನೆ ಯಾಕೆ ಹಾಳು' ಅಂದರು. ಆದರೆ ಅವರಿಗೆ ಹಳೇ ಶುಗರ್. ಅಂಥವರಿಗೆ ಪಾದದ ಸ್ಪರ್ಶ ಮಂಕಾಗಿದ್ದರೆ ಶೂ ಕಚ್ಚಿದ್ದೂ ಗೊತ್ತಾಗಲ್ಲ. ಗೊತ್ತಾಗುವಷ್ಟರಲ್ಲಿ ಹುಣ್ಣಾಗಿರುತ್ತದೆ. ಹಾಗಾಗಿ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅಪ್ಪನ ಕಣ್ಣು ಮುಚ್ಚಿಸಿ, ತೆಳ್ಳನೆಯ ನೈಲಾನ್ ಎಳೆಯೊಂದನ್ನು ಅಂಗಾಲಿನ ಅಲ್ಲಲ್ಲಿ ಒತ್ತಿದರು. ಒತ್ತಿದಾಗಲೆಲ್ಲ ಅಪ್ಪ 'ಹೂಂ' ಅನ್ನಬೇಕು. ಒಂದು ಸಲ ಒತ್ತದೆಯೂ 'ಹೂಂ' ಅಂದರು. ಪಾಸಾಗಲೇಬೇಕು ಅನ್ನುವ ಆತುರ!

ಸ್ಪರ್ಶ ಚೆನ್ನಾಗಿಯೇ ಇತ್ತು. ಮನೆಗೆ ಬಂದು ಶೂ ಒಳಗಿನ ಮೆತ್ತೆ ಹೊರಗೆಳೆದೆ. ಅದರ ಮೇಲೆ ನನ್ನ ಬೆರಳುಗಳ ಅಚ್ಚು ಕಪ್ಪಗೆ ಕೂತಿತ್ತು, ಹೆಬ್ಬೆರಳಿನದು ಸರಿಯಾಗಿ ಅಂಚಿನ ಮೇಲೆ. ಮೆತ್ತೆಯ ಮೇಲೆ ಅಪ್ಪನನ್ನು ನಿಲ್ಲಿಸಿದೆ. ಮುಂದೆ ಒಂದು ಹೆಬ್ಬೆಟ್ಟಿನಷ್ಟು ಜಾಗ ಉಳಿಯಿತು. ನನಗಿದ್ದ ಅನುಮಾನ ಅಗಲದ್ದು. ಜೀವಮಾನವಿಡೀ ಚಪ್ಪಲಿ ಹಾಕಿದ ಪಾದ, ಬೆರಳುಗಳೆಲ್ಲ ಬೀಸಣಿಗೆ ಹಾಗೆ ಹರಡಿವೆ. ಕಿರುಬೆರಳು ಅಂಚು ದಾಟಿದೆಯಾ ಅಂತ ಕೈಯಿಂದ ಸವರಿ ನೋಡಿದೆ. ದಾಟಿರಲಿಲ್ಲ. ಅಪ್ಪನಿಗೆ ಮುಜುಗರ, ಕಾಲು ಹಿಂದಕ್ಕೆ ಎಳೆದುಕೊಂಡರು. ನಾನು ಅವರ ಕಾಲು ಮುಟ್ಟಿದ್ದು ನನ್ನ ಮದುವೆಯ ದಿನವೇ ಕೊನೆ ಇರಬೇಕು.

ಹಳೇ ಮೆತ್ತೆ ಬಿಸಾಕಿ ಹೊಸದು ಹಾಕಿಸಿದೆ. ನನ್ನ ಪಾದದ ಅಚ್ಚು ಅವರಿಗೇಕೆ? ಕಾಲುಚೀಲ ಇಲ್ಲದೆ ಹಾಕಬಾರದು, ಹಾಕುವ ಮುಂಚೆ ಶೂ ಒಳಗೆ ಕೈಯಾಡಿಸಿ ಕಲ್ಲು ಗಿಲ್ಲು ಇದೆಯಾ ನೋಡಬೇಕು ಅಂತ ಕರಾರು. ಮೊದಲ ವಾರ ಹತ್ತೇ ನಿಮಿಷ. ರಾತ್ರಿ ನಾನು ಟಾರ್ಚ್ ಹಿಡಿದು ಅಂಗಾಲು ನೋಡುತ್ತೇನೆ, ಅವರು ಟಿವಿ ನೋಡುತ್ತಾರೆ.

ದೇವಸ್ಥಾನಕ್ಕೆ ಮಾತ್ರ ಈಗಲೂ ಹವಾಯಿ ಚಪ್ಪಲಿಯೇ. ಶೂ ಕಳುವಾದರೆ ಅಂತ ಭಯ.

ನಾನು ಒಂಬತ್ತನೇ ನಂಬರ್ ತಗೊಂಡೆ, ಸಂಜೆ ಏಳು ಗಂಟೆಗೆ ಅಂಗಡಿಗೇ ಹೋಗಿ. ಮೊನ್ನೆ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, 'ಇದು ಕಚ್ಚಲ್ವಾ?' ಅಂತ ಕೇಳಿದರು. ಇಲ್ಲ ಅಂದೆ. ಸ್ವಲ್ಪ ಬೇಜಾರಾದ ಹಾಗೆ ಕಂಡಿತು.

ನಿನ್ನ,
ಒಂಬತ್ತನೇ ನಂಬರಿನವನು